ರೊಮ್ಯಾಂಟಿಕ್ ಯುಗದ ಪಾಶ್ಚಾತ್ಯ ಸಂಗೀತ ಮತ್ತು ಜನಪದ ಗೀತೆ: ಒಂದು ಪ್ರವೇಶಿಕೆ

ಪೀಠಿಕೆ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಇತಿಹಾಸದಲ್ಲಿ ಹತ್ತೊಂಬತ್ತನೆಯ ಶತಮಾನವನ್ನು ಸ್ಥೂಲವಾಗಿ ರೊಮ್ಯಾಂಟಿಕ್ ಯುಗವೆಂದು ಗುರುತಿಸಲಾಗುತ್ತದೆ. ಈ ಪದ ಕನ್ನಡ ಸಾಹಿತ್ಯಾಭ್ಯಾಸಿಗಳಿಗೆ ಹೊಸದಲ್ಲ. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಸಂಕಲನದ ಮೂಲಕ ಇಂಗ್ಲಿಷಿನ ರೊಮ್ಯಾಂಟಿಕ್ ಕಾವ್ಯ ಕನ್ನಡಕ್ಕೆ ಬಂದಿತು. ನವೋದಯ ಸಾಹಿತ್ಯದ ಚರ್ಚೆಯಲ್ಲಿ ‘ರಮ್ಯ’ ಎಂಬ ಮಾತು ಪಾರಿಭಾಷಿಕವಾಗಿಯೇ ನೆಲೆಗೊಂಡಿತು. ಆದರೆ ಅದೇ ಮನೋಧರ್ಮದಿಂದ ಹುಟ್ಟಿದ ಸಂಗೀತವನ್ನು ಕುರಿತ ಚರ್ಚೆ ನಮ್ಮಲ್ಲಿ ಅಷ್ಟಾಗಿ ನಡೆದಿಲ್ಲ. ಆ ಸಂಗೀತಕ್ಕೊಂದು ಪ್ರವೇಶವನ್ನು ಒದಗಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಥ ವಿಷಯವನ್ನು ಜಾನಪದ ವಿದ್ಯಾರ್ಥಿಯೊಬ್ಬ ಕೈಗೆತ್ತಿಕೊಳ್ಳುವುದಕ್ಕೆ ಕಾರಣವಿದೆ. ‘ಜನಪದ ಗೀತೆ’ ಎಂಬ ಪರಿಕಲ್ಪನೆ ರೂಪುಗೊಂಡದ್ದು ಈ ಯುಗದ ಹೊಸ್ತಿಲಲ್ಲಿ. ಜಾನಪದ ಅಧ್ಯಯನ ಶಿಸ್ತು ಮತ್ತು ರೊಮ್ಯಾಂಟಿಕ್ ಸಂಗೀತ ಎರಡೂ ಒಂದೇ ಮನೆಯಲ್ಲಿ ಬೆಳೆದ ಮಕ್ಕಳು. ಒಂದರ ಗುಣದೋಷಗಳು ಇನ್ನೊಂದರಲ್ಲಿಯೂ ಕಾಣುತ್ತವೆ. ಈ ಯುಗದ ಸಂಗೀತ ರಚನಕಾರರು ಹಳ್ಳಿಯ ಹಾಡನ್ನು ಪೂಜ್ಯವೆಂದು ಭಾವಿಸಿದರು. ಆದರೆ ಹಾಡಿದವರ ಹೆಸರು ಅವರ ಪುಟಗಳಲ್ಲಿ ಉಳಿದದ್ದು ಅಪರೂಪ. ಹಾಡಿಗೆ ದೊರೆತ ಗೌರವ ಹಾಡುಗಾರರಿಗೆ ಏಕೆ ದೊರೆಯಲಿಲ್ಲ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಸಂಗೀತವನ್ನು ಪರಿಶೀಲಿಸಿದರೆ ಅದರ ಶಕ್ತಿಯೂ ಮಿತಿಯೂ ಒಟ್ಟಿಗೆ ಸ್ಪಷ್ಟವಾಗುತ್ತವೆ.

೧. ಯುಗದ ವ್ಯಾಪ್ತಿ ಮತ್ತು ಲಕ್ಷಣಗಳು

ಯುಗಗಳ ಗಡಿಗಳು ಯಾವಾಗಲೂ ಅಂದಾಜಿನವು. ಬೀಥೋವನ್‌ನ (೧೭೭೦-೧೮೨೭) ಪ್ರೌಢ ಕೃತಿಗಳಿಂದ ಆರಂಭಿಸಿ ಇಪ್ಪತ್ತನೆಯ ಶತಮಾನದ ಮೊದಲ ದಶಕದವರೆಗಿನ ಕಾಲಾವಧಿಯನ್ನು ರೊಮ್ಯಾಂಟಿಕ್ ಯುಗವೆಂದು ಪರಿಗಣಿಸುವುದು ರೂಢಿ. ಜರ್ಮನ್ ಲೇಖಕ ಹಾಫ್‌ಮನ್ ೧೮೧೦ರಲ್ಲಿ ಬೀಥೋವನ್‌ನ ಐದನೆಯ ಸಿಂಫೊನಿಯನ್ನು ವಿಮರ್ಶಿಸುತ್ತ ಸಂಗೀತವೇ ಕಲೆಗಳಲ್ಲೆಲ್ಲ ಅತ್ಯಂತ ರೊಮ್ಯಾಂಟಿಕ್ ಆದುದೆಂದು ಪ್ರತಿಪಾದಿಸಿದ. ಮಾತು ಹೇಳಲಾರದ್ದನ್ನು ನಾದ ಹೇಳುತ್ತದೆಂಬ ಈ ನಿಲುವು ಮುಂದಿನ ನೂರು ವರ್ಷಗಳ ಸಂಗೀತಕ್ಕೆ ತಾತ್ತ್ವಿಕ ತಳಹದಿಯಾಯಿತು.

ಈ ಬದಲಾವಣೆಗೆ ಸಾಮಾಜಿಕ ಕಾರಣಗಳೂ ಇದ್ದವು. ಹಿಂದಿನ ಶತಮಾನದಲ್ಲಿ ಸಂಗೀತಗಾರ ಬಹುಮಟ್ಟಿಗೆ ಅರಮನೆಯ ಅಥವಾ ಚರ್ಚಿನ ನೌಕರ. ಹತ್ತೊಂಬತ್ತನೆಯ ಶತಮಾನದಲ್ಲಿ ಟಿಕೇಟು ಕೊಂಡು ಬರುವ ನಗರದ ಮಧ್ಯಮವರ್ಗ ಅವನ ಆಶ್ರಯದಾತವಾಯಿತು. ಪಿಯಾನೊ ಮನೆಮನೆಯ ವಾದ್ಯವಾಯಿತು. ಕಬ್ಬಿಣದ ಚೌಕಟ್ಟು ಬಂದ ಮೇಲೆ ಅದರ ನಾದ ದೊಡ್ಡ ಸಭಾಂಗಣವನ್ನೂ ತುಂಬಬಲ್ಲದಾಯಿತು. ಮುದ್ರಿತ ಸ್ವರಲಿಪಿಯ ಮಾರುಕಟ್ಟೆ ಬೆಳೆಯಿತು. ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದ ೧೮೪೨ರಲ್ಲಿಯೂ ಮೇಂಡೆಲ್ಸನ್‌ನ ಪ್ರಯತ್ನದಿಂದ ಲೈಪ್‌ಜಿಗ್‌ನ ಸಂಗೀತ ವಿದ್ಯಾಲಯ ೧೮೪೩ರಲ್ಲಿಯೂ ಆರಂಭವಾದವು. ಮೇಂಡೆಲ್ಸನ್ ೧೮೨೯ರಲ್ಲಿ ಬಾಖ್‌ನ ‘ಸಂತ ಮ್ಯಾಥ್ಯೂನ ಪ್ಯಾಶನ್’ ಕೃತಿಯನ್ನು ಬರ್ಲಿನ್‌ನಲ್ಲಿ ಮತ್ತೆ ಪ್ರಸ್ತುತಪಡಿಸಿದ. ಮರೆತ ಹಳೆಯದನ್ನು ಹುಡುಕಿ ತರುವ ಈ ಪ್ರವೃತ್ತಿಯೇ ಜನಪದ ಗೀತೆಗಳ ಕಡೆಗೂ ಗಮನ ಸೆಳೆಯಿತು.

ಪ್ರಕಾರಗಳ ದೃಷ್ಟಿಯಿಂದ ಈ ಯುಗದಲ್ಲಿ ಎರಡು ಧ್ರುವಗಳು ಕಾಣುತ್ತವೆ. ಒಂದು ಕಡೆ, ಒಬ್ಬ ಗಾಯಕ ಮತ್ತು ಒಂದು ಪಿಯಾನೊ ಸಾಕಾಗುವ ಲೀಡ್ ಎಂಬ ಕಲಾಗೀತೆ ಹಾಗೂ ನಾಲ್ಕೈದು ನಿಮಿಷಗಳ ಪಿಯಾನೊ ರಚನೆಗಳು. ಇನ್ನೊಂದು ಕಡೆ, ನೂರು ವಾದ್ಯಗಳನ್ನು ಬೇಡುವ ಸಿಂಫೊನಿ ಹಾಗೂ ಸಂಗೀತ ನಾಟಕ. ಬರ್ಲಿಯೋಜ್‌ನ ‘ಫ್ಯಾಂಟಾಸ್ಟಿಕ್ ಸಿಂಫೊನಿ’ (೧೮೩೦) ಒಬ್ಬ ಕಲಾವಿದನ ಪ್ರೇಮೋನ್ಮಾದದ ಕಥೆಯನ್ನು ಶಬ್ದಗಳಿಲ್ಲದೆ ನಿರೂಪಿಸುತ್ತದೆ. ವ್ಯಾಗ್ನರ್ ತನ್ನ ‘ರಿಂಗ್’ ನಾಟಕಚತುಷ್ಟಯವನ್ನು ೧೮೭೬ರಲ್ಲಿ ಬೈರೊಯ್ಟ್‌ನಲ್ಲಿ ಕಟ್ಟಿಸಿದ ರಂಗಮಂದಿರದಲ್ಲಿ ಪ್ರದರ್ಶಿಸಿದ. ಅದರ ವಸ್ತು ಜರ್ಮಾನಿಕ್ ಮತ್ತು ನಾರ್ಡಿಕ್ ಪುರಾಣಗಳದು.

ನಮ್ಮ ಸಂಗೀತದ ಅಭ್ಯಾಸವುಳ್ಳವರು ಇಲ್ಲೊಂದು ಮೂಲಭೂತ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಳ್ಳಬೇಕು. ಪಾಶ್ಚಾತ್ಯ ಪದ್ಧತಿಯಲ್ಲಿ ಹಲವು ಸ್ವರಗಳನ್ನು ಏಕಕಾಲದಲ್ಲಿ ನುಡಿಸಿ ಮುಖ್ಯ ಧಾಟಿಗೆ ಆಧಾರ ಕೊಡುವ ಹಾರ್ಮನಿ ಎಂಬ ಕ್ರಮವಿದೆ. ಒಂದೇ ಎಳೆಯಾಗಿ ಹರಿಯುವ ಜನಪದ ಧಾಟಿಯನ್ನು ಪಿಯಾನೊದ ಮೇಲಕ್ಕೆ ತಂದಾಗ ಅದಕ್ಕೆ ಹಾರ್ಮನಿಯನ್ನು ತೊಡಿಸಬೇಕಾಗುತ್ತದೆ. ಹಾಗೆ ತೊಡಿಸುವಾಗ ಧಾಟಿಯ ಸ್ವರಗಳೂ ಲಯವೂ ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತವೆ. ಈ ಯುಗದ ಜನಪದ ಸಂಬಂಧದ ತಾಂತ್ರಿಕ ಸಮಸ್ಯೆಗಳೆಲ್ಲ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ.

೨. ‘ಜನಪದ ಗೀತೆ’ ಎಂಬ ಪರಿಕಲ್ಪನೆ

ಯೋಹಾನ್ ಗಾಟ್‌ಫ್ರೀಡ್ ಹೆರ್ಡರ್ (೧೭೪೪-೧೮೦೩) ೧೭೭೩ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ‘ಫೋಕ್ಸ್‌ಲೀಡ್’, ಅಂದರೆ ಜನಪದ ಗೀತೆ, ಎಂಬ ಪದವನ್ನು ಬಳಸಿದ. ಆ ಪ್ರಬಂಧದ ವಸ್ತು ಪ್ರಾಚೀನ ಗೇಲಿಕ್ ಕವಿ ಎನ್ನಲಾದ ಓಸಿಯನ್. ಓಸಿಯನ್ ಹೆಸರಿನ ಕಾವ್ಯಗಳು ಬಹುಮಟ್ಟಿಗೆ ಅವುಗಳ ಪ್ರಕಾಶಕ ಮ್ಯಾಕ್‌ಫರ್ಸನ್‌ನವೇ ಎಂಬುದು ಮುಂದೆ ಸಿದ್ಧವಾಯಿತು. ಹೀಗೆ ನಮ್ಮ ಶಿಸ್ತಿನ ಮೂಲಪದವೊಂದು ಹುಟ್ಟಿದ್ದೇ ಒಂದು ಕೃತಕ ಜಾನಪದದ ನೆರಳಿನಲ್ಲಿ.

ಹೆರ್ಡರ್ ೧೭೬೪ರಿಂದ ೧೭೬೯ರವರೆಗೆ ರೀಗಾ ನಗರದಲ್ಲಿದ್ದಾಗ ಲಾಟ್ವಿಯಾದ ರೈತರ ಹಾಡುಗಳ ಪರಿಚಯ ಅವನಿಗಾಯಿತು. ಪ್ರತಿಯೊಂದು ಜನಸಮುದಾಯದ ಆತ್ಮ ಅದರ ಹಾಡಿನಲ್ಲಿದೆ, ಸಣ್ಣ ಭಾಷೆಯೆಂದು ಯಾವುದನ್ನೂ ಕಡೆಗಣಿಸಲಾಗದು ಎಂಬುದು ಅವನ ನಿಲುವು. ೧೭೭೮ ಮತ್ತು ೧೭೭೯ರಲ್ಲಿ ಅವನು ಪ್ರಕಟಿಸಿದ ಎರಡು ಸಂಪುಟಗಳಲ್ಲಿ ಹಲವು ದೇಶಗಳ ಗೀತೆಗಳ ಜರ್ಮನ್ ಅನುವಾದಗಳಿವೆ. ಆದರೆ ಅವುಗಳಲ್ಲಿ ಧಾಟಿಗಳಿಲ್ಲ. ಹಾಡನ್ನು ಕಾವ್ಯವೆಂದು ಓದುವ, ಅದರ ಗಾಯನವನ್ನು ಬಿಟ್ಟುಬಿಡುವ ಕ್ರಮ ಇಲ್ಲಿಂದಲೇ ಆರಂಭವಾಯಿತೆನ್ನಬಹುದು.

ಆರ್ನಿಮ್ ಮತ್ತು ಬ್ರೆಂಟಾನೊ ಎಂಬ ಕವಿಮಿತ್ರರು ೧೮೦೫-೧೮೦೮ರ ಅವಧಿಯಲ್ಲಿ ಮೂರು ಸಂಪುಟಗಳಲ್ಲಿ ಹೊರತಂದ ‘ಬಾಲಕನ ಮಾಯಾಕೊಂಬು’ ಎಂಬ ಸಂಕಲನದಲ್ಲಿ ಏಳುನೂರಕ್ಕೂ ಹೆಚ್ಚು ಗೀತೆಗಳಿವೆ. ಅಲ್ಲಿಯೂ ಧಾಟಿಗಳಿಲ್ಲ, ಸಂಪಾದಕರು ಪಠ್ಯಗಳನ್ನು ಧಾರಾಳವಾಗಿ ತಿದ್ದಿದ್ದರು. ಆದರೂ ಇಡೀ ಶತಮಾನದ ರಚನಕಾರರಿಗೆ ಇದು ಬತ್ತದ ಬಾವಿಯಾಯಿತು. ಬ್ರಾಮ್ಸ್‌ನ ಪ್ರಸಿದ್ಧ ಜೋಗುಳದ (೧೮೬೮) ಮೊದಲ ನುಡಿ ಈ ಸಂಕಲನದಿಂದ ಬಂದುದು. ಗುಸ್ತಾವ್ ಮಾಲರ್ (೧೮೬೦-೧೯೧೧) ತನ್ನ ಎರಡು, ಮೂರು ಮತ್ತು ನಾಲ್ಕನೆಯ ಸಿಂಫೊನಿಗಳಲ್ಲಿ ಇದೇ ಸಂಕಲನದ ಗೀತೆಗಳನ್ನು ಹಾಡಿಸಿದ.

೩. ಲೀಡ್: ಹಾಡು ಬಂದ ದಾರಿ, ಹೋದ ದಾರಿ

ಫ್ರಾನ್ಸ್ ಶೂಬರ್ಟ್ (೧೭೯೭-೧೮೨೮) ಬದುಕಿದ್ದು ಮೂವತ್ತೊಂದು ವರ್ಷ. ರಚಿಸಿದ ಲೀಡ್‌ಗಳು ಆರುನೂರಕ್ಕೂ ಹೆಚ್ಚು. ಅವನು ೧೮೧೫ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ರಚಿಸಿದ ‘ಎರ್ಲ್‌ಕ್ಯೋನಿಗ್’ ಎಂಬ ಕಥನಗೀತೆಯನ್ನು ಇಲ್ಲಿ ಪರಿಶೀಲಿಸಬಹುದು. ರಾತ್ರಿಯ ಹೊತ್ತು ಜ್ವರಪೀಡಿತ ಮಗನನ್ನು ಅಪ್ಪಿಕೊಂಡು ತಂದೆ ಕುದುರೆಯ ಮೇಲೆ ಧಾವಿಸುತ್ತಿದ್ದಾನೆ. ಮಗನಿಗೆ ಮಾತ್ರ ಒಬ್ಬ ಮಾಯಾವಿ ರಾಜ ಕಾಣುತ್ತಾನೆ, ಕರೆಯುತ್ತಾನೆ. ಮನೆ ಮುಟ್ಟುವ ವೇಳೆಗೆ ಮಗುವಿನ ಪ್ರಾಣ ಹೋಗಿರುತ್ತದೆ. ನಿರೂಪಕ, ತಂದೆ, ಮಗ, ಮಾಯಾವಿ ಈ ನಾಲ್ವರ ದನಿಯನ್ನೂ ಒಬ್ಬನೇ ಗಾಯಕ ಹಾಡಬೇಕು. ಪಿಯಾನೊದ ಬಲಗೈ ಕುದುರೆಯ ಓಟವನ್ನು ಎಡೆಬಿಡದೆ ನುಡಿಯುತ್ತದೆ. ಮಗ ಕೂಗುವಾಗಲೆಲ್ಲ ಸ್ವರ ಒಂದೊಂದು ಮೆಟ್ಟಿಲು ಮೇಲೇರುತ್ತದೆ.

ಈ ಗೀತೆಯ ಪೂರ್ವವೃತ್ತಾಂತ ಜಾನಪದ ಅಭ್ಯಾಸಿಗೆ ಮುಖ್ಯ. ಯಕ್ಷಲೋಕದ ಕನ್ಯೆಯೊಬ್ಬಳು ಸವಾರನನ್ನು ಬಲಿತೆಗೆದುಕೊಳ್ಳುವ ಡೆನ್ಮಾರ್ಕಿನ ಜನಪದ ಕಥನಗೀತೆಯೊಂದನ್ನು ಹೆರ್ಡರ್ ಜರ್ಮನ್ನಿಗೆ ತಂದ. ಯಕ್ಷರಾಜನೆಂಬರ್ಥದ ಡ್ಯಾನಿಶ್ ಪದ ಅವನ ಅನುವಾದದಲ್ಲಿ ಆಲ್ಡರ್ ಮರದ ರಾಜನೆಂದಾಯಿತು. ಅದನ್ನು ಓದಿ ಗಯಟೆ ೧೭೮೨ರಲ್ಲಿ ತನ್ನ ಕವಿತೆಯನ್ನು ಬರೆದ. ಅವನ ಗೀತನಾಟಕದಲ್ಲಿ ಬೆಸ್ತರ ಹುಡುಗಿ ಅದನ್ನು ಕೆಲಸ ಮಾಡುತ್ತ ಸರಳ ಧಾಟಿಯಲ್ಲಿ ಹಾಡಿಕೊಳ್ಳುತ್ತಾಳೆ. ಮೂವತ್ತಮೂರು ವರ್ಷಗಳ ಬಳಿಕ ಅದು ಶೂಬರ್ಟ್‌ನ ಕೈಯಲ್ಲಿ ನುರಿತ ಗಾಯಕರಷ್ಟೇ ಹಾಡಬಲ್ಲ ರಚನೆಯಾಯಿತು. ಡ್ಯಾನಿಶ್ ಹಾಡುಗಾರರು, ಅನುವಾದಕ, ಕವಿ, ಸಂಗೀತಗಾರ ಎಂಬ ಈ ಸರಪಳಿಯಲ್ಲಿ ಮೊದಲ ಕೊಂಡಿಯೊಂದಕ್ಕೆ ಮಾತ್ರ ಹೆಸರಿಲ್ಲ.

ಪಯಣ ಒಮ್ಮುಖವಾದುದಲ್ಲ. ಶೂಬರ್ಟ್ ೧೮೨೭ರಲ್ಲಿ ರಚಿಸಿದ ‘ಚಳಿಗಾಲದ ಪಯಣ’ ಎಂಬ ಗೀತಮಾಲೆಯ ಐದನೆಯ ಹಾಡು ಊರಬಾಗಿಲಿನ ಬಾವಿಯ ಬಳಿಯ ಲಿಂಡನ್ ಮರವನ್ನು ಕುರಿತದ್ದು. ಸಾಹಿತ್ಯ ವಿಲ್ಹೆಲ್ಮ್ ಮ್ಯುಲರ್‌ನದು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಸಂಗೀತ ನಿರ್ದೇಶಕ ಫ್ರೀಡ್ರಿಕ್ ಸಿಲ್ಷರ್ ಅದರ ಧಾಟಿಯನ್ನು ಸರಳಗೊಳಿಸಿ ಪುರುಷರ ಮೇಳಕ್ಕೆ ಅಳವಡಿಸಿದ. ಆ ರೂಪದಲ್ಲಿ ಅದು ಶಾಲೆಗಳಿಗೂ ಹಾಡುಕೂಟಗಳಿಗೂ ಹಬ್ಬಿ, ಕರ್ತೃವಿನ ಹೆಸರನ್ನು ಕಳಚಿಕೊಂಡು, ಜರ್ಮನ್ ಜನಪದ ಗೀತೆಯೆಂದೇ ಪ್ರಚಲಿತವಾಯಿತು. ಶಿಷ್ಟದಿಂದ ಜನಪದಕ್ಕೆ ಇಳಿದು ಬಂದ ಹಾಡಿಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ದೊರೆಯುವುದು ಕಷ್ಟ.

ಯೋಹಾನೆಸ್ ಬ್ರಾಮ್ಸ್‌ನ (೧೮೩೩-೧೮೯೭) ಪ್ರಸಂಗ ಇನ್ನಷ್ಟು ಸಂಕೀರ್ಣವಾದುದು. ಕ್ರೆಚ್‌ಮರ್ ಮತ್ತು ಜುಕಾಲ್‌ಮಾಲಿಯೊ ಎಂಬುವರು ೧೮೩೮-೧೮೪೦ರಲ್ಲಿ ಮೂಲ ಧಾಟಿಗಳೊಡನೆ ಜರ್ಮನ್ ಜನಪದ ಗೀತೆಗಳನ್ನು ಪ್ರಕಟಿಸಿರುವುದಾಗಿ ಹೇಳಿಕೊಂಡಿದ್ದರು. ಅವುಗಳಲ್ಲಿ ಹಲವು ಜುಕಾಲ್‌ಮಾಲಿಯೊನ ಸ್ವಂತ ರಚನೆ ಅಥವಾ ಪುನಾರಚನೆ ಎಂದು ವಿದ್ವಾಂಸರು ತೋರಿಸಿದರು. ಬ್ರಾಮ್ಸ್ ತನ್ನ ಮೊದಲ ಪಿಯಾನೊ ಸೊನಾಟದ (೧೮೫೩) ನಿಧಾನಗತಿಯ ಭಾಗದಲ್ಲಿ ಈ ಸಂಗ್ರಹದ ಹಾಡೊಂದನ್ನು ಬಳಸಿದ್ದ. ೧೮೯೪ರಲ್ಲಿ ಅವನು ಹೊರತಂದ ‘೪೯ ಜರ್ಮನ್ ಜನಪದ ಗೀತೆಗಳು’ ಸಂಪುಟದ ಕಟ್ಟಕಡೆಯ ಹಾಡೂ ಅದೇ. ಶಾಸ್ತ್ರಶುದ್ಧ ಸಂಗ್ರಹಗಳು ಆ ವೇಳೆಗೆ ಲಭ್ಯವಿದ್ದರೂ ಅವುಗಳಲ್ಲಿನ ಧಾಟಿಗಳು ಅವನಿಗೆ ನೀರಸವೆನಿಸಿದ್ದವು. ಸಂಗ್ರಾಹಕನಿಗೆ ಬೇಕಾದ ಪ್ರಾಮಾಣ್ಯ, ಕಲಾವಿದನಿಗೆ ಬೇಕಾದ ಸೌಂದರ್ಯ ಇವೆರಡೂ ಬೇರೆಯಾಗಬಹುದು ಎಂಬುದಕ್ಕೆ ಈ ಪ್ರಸಂಗ ಸಾಕ್ಷಿ.

೪. ಶೋಪಾನ್ ಮತ್ತು ಮಜುರ್ಕ

ಪೋಲೆಂಡಿನ ಫ್ರೆಡೆರಿಕ್ ಶೋಪಾನ್ (೧೮೧೦-೧೮೪೯) ಬೇರೊಂದು ಮಾರ್ಗವನ್ನು ಪ್ರತಿನಿಧಿಸುತ್ತಾನೆ. ಅವನು ೧೮೨೪ ಮತ್ತು ೧೮೨೫ರ ಬೇಸಗೆಯ ರಜೆಗಳನ್ನು ಶಫಾರ್ನ್ಯಾ ಎಂಬ ಹಳ್ಳಿಯಲ್ಲಿ ಕಳೆದಾಗ ರೈತರ ಕುಣಿತವನ್ನೂ ವಾದನವನ್ನೂ ಹತ್ತಿರದಿಂದ ಕೇಳಿದ. ೧೮೩೦ರಲ್ಲಿ ದೇಶ ಬಿಟ್ಟವನು ಮತ್ತೆ ಮರಳಲಿಲ್ಲ. ಪ್ಯಾರಿಸ್ಸಿನಲ್ಲಿ ನೆಲೆಸಿ ಜೀವನದ ಕೊನೆಯವರೆಗೂ ಮಜುರ್ಕಗಳನ್ನು ಬರೆಯುತ್ತಲೇ ಹೋದ. ಅವುಗಳ ಸಂಖ್ಯೆ ಐವತ್ತನ್ನು ಮೀರುತ್ತದೆ.

ಮಜುರ್ಕ ಎಂಬುದು ಮಜೂರ್, ಒಬೆರೆಕ್ ಮತ್ತು ಕುಯಾವ್ಯಾಕ್ ಎಂಬ ಮೂರು ಹಳ್ಳಿ ಕುಣಿತಗಳ ಗುಣಗಳನ್ನು ಬೆರೆಸಿಕೊಂಡ ಪಿಯಾನೊ ರಚನೆ. ಮೂರು ಎಣಿಕೆಯ ಆವರ್ತದಲ್ಲಿ ಒತ್ತು ಮೊದಲ ಎಣಿಕೆಗೆ ಬೀಳದೆ ಎರಡನೆಯದಕ್ಕೋ ಮೂರನೆಯದಕ್ಕೋ ಬೀಳುವುದು ಇದರ ವೈಶಿಷ್ಟ್ಯ. ಹಲವೆಡೆ ಎಡಗೈ ಷಡ್ಜ ಪಂಚಮಗಳನ್ನು ಶ್ರುತಿಯಂತೆ ಹಿಡಿದಿರುತ್ತದೆ. ಇದು ಹಳ್ಳಿಯ ಚೀಲವಾದ್ಯದ ನೆನಪು. ಪಾಶ್ಚಾತ್ಯ ಮೇಜರ್ ಮಾಪಕದ ಶುದ್ಧಮಧ್ಯಮದ ಸ್ಥಾನದಲ್ಲಿ ಕೆಲವೊಮ್ಮೆ ಪ್ರತಿಮಧ್ಯಮ ಕೇಳುತ್ತದೆ. ಲಿಡಿಯನ್ ಎಂದು ಕರೆಯಲಾಗುವ ಈ ಮಾಪಕದ ಸ್ವರಸ್ಥಾನಗಳು ನಮ್ಮ ಕಲ್ಯಾಣಿಯವೇ ಆಗಿವೆ. ಶೋಪಾನ್ ಹಳ್ಳಿಯ ಧಾಟಿಗಳನ್ನು ಇದ್ದಂತೆಯೇ ಎತ್ತಿಕೊಂಡದ್ದು ವಿರಳ; ಆ ಸಂಗೀತದ ವ್ಯಾಕರಣವನ್ನು ಮೈಗೂಡಿಸಿಕೊಂಡು ಹೊಸ ವಾಕ್ಯಗಳನ್ನು ರಚಿಸಿದ.

ಶೋಪಾನ್‌ನ ಕುಟುಂಬಕ್ಕೆ ವಾರ್ಸಾದಲ್ಲಿ ಪರಿಚಿತನಾಗಿದ್ದ ಆಸ್ಕರ್ ಕೊಲ್‌ಬರ್ಗ್ (೧೮೧೪-೧೮೯೦) ಮುಂದೆ ಪೋಲೆಂಡಿನ ಬಹುದೊಡ್ಡ ಜಾನಪದ ಸಂಗ್ರಾಹಕನಾದ. ಅವನು ಮೊದಲು ಜನಪದ ಗೀತೆಗಳಿಗೆ ಪಿಯಾನೊ ಪಕ್ಕವಾದ್ಯ ಸೇರಿಸಿ ಪ್ರಕಟಿಸಿದಾಗ ಶೋಪಾನ್‌ಗೆ ಅದು ರುಚಿಸಲಿಲ್ಲ. ೧೮೪೭ರ ಪತ್ರವೊಂದರಲ್ಲಿ ಇಂಥ ಅಲಂಕರಣದ ಬಗ್ಗೆ ಅಸಮಾಧಾನ ವ್ಯಕ್ತಪಡಿಸಿದ್ದಾನೆ. ೧೮೫೭ರ ಸಂಪುಟದಲ್ಲಿ ಕೊಲ್‌ಬರ್ಗ್ ಪಕ್ಕವಾದ್ಯವನ್ನು ಕೈಬಿಟ್ಟು ಧಾಟಿಗಳನ್ನು ಪಾಠಾಂತರಗಳೊಡನೆ ಹಾಗೆಯೇ ಅಚ್ಚುಮಾಡಿದ. ಜಾನಪದ ಸಂಪಾದನಶಾಸ್ತ್ರದ ದೃಷ್ಟಿಯಿಂದ ಇದು ಮಹತ್ವದ ತಿರುವು.

೫. ಹಂಗೇರಿ: ಗುರುತು ತಪ್ಪಿದ ಜಾನಪದ

ಫ್ರಾನ್ಸ್ ಲಿಸ್ಟ್ (೧೮೧೧-೧೮೮೬) ಹಂಗೇರಿಯಲ್ಲಿ ಹುಟ್ಟಿ ಯುರೋಪಿನಾದ್ಯಂತ ಪಿಯಾನೊವಾದಕನಾಗಿ ಹೆಸರಾದವನು. ಅವನ ‘ಹಂಗೇರಿಯನ್ ರಾಪ್ಸೊಡಿ’ಗಳಲ್ಲಿ ಮೊದಲ ಹದಿನೈದು ೧೮೫೦ರ ದಶಕದ ಆರಂಭದಲ್ಲಿ ಪ್ರಕಟವಾದವು. ಈ ಸಂಗೀತವನ್ನು ನುಡಿಸುತ್ತಿದ್ದವರು ಅಂದು ಜಿಪ್ಸಿಗಳೆಂದು ಕರೆಸಿಕೊಳ್ಳುತ್ತಿದ್ದ ರೋಮಾ ಸಮುದಾಯದ ವೃತ್ತಿಪರ ಮೇಳಗಳು. ಹಂಗೇರಿಯ ಸಂಗೀತದ ಮೂಲಕರ್ತೃಗಳೇ ಅವರೆಂದು ಲಿಸ್ಟ್ ೧೮೫೯ರ ತನ್ನ ಫ್ರೆಂಚ್ ಗ್ರಂಥದಲ್ಲಿ ವಾದಿಸಿದಾಗ ಹಂಗೇರಿಯಲ್ಲಿ ತೀವ್ರ ವಿರೋಧ ವ್ಯಕ್ತವಾಯಿತು.

ವಾಸ್ತವದಲ್ಲಿ ಆ ಮೇಳಗಳು ನುಡಿಸುತ್ತಿದ್ದುದು ಬಹುಪಾಲು ಸೈನ್ಯ ಭರ್ತಿಯ ಕುಣಿತದಿಂದ ಬೆಳೆದ ವರ್ಬುಂಕೋಶ್ ಶೈಲಿಯ ಸಂಗೀತ ಹಾಗೂ ಮಧ್ಯಮವರ್ಗದ ಹವ್ಯಾಸಿಗಳು ರಚಿಸಿದ ಜನಪ್ರಿಯ ಹಾಡುಗಳು. ಅದು ರೈತರ ಹಳೆಯ ಸಂಗೀತವೂ ಅಲ್ಲ. ರೋಮಾ ಜನ ತಮ್ಮ ಮನೆಗಳಲ್ಲಿ ಹಾಡಿಕೊಳ್ಳುತ್ತಿದ್ದ ಹಾಡೂ ಅಲ್ಲ. ಬ್ರಾಮ್ಸ್‌ನ ‘ಹಂಗೇರಿಯನ್ ನೃತ್ಯ’ಗಳ (೧೮೬೯) ಐದನೆಯ ರಚನೆ ಇಂದು ಜಗತ್ತಿನಾದ್ಯಂತ ಪರಿಚಿತ. ಅದರ ಧಾಟಿ ಬೇಲಾ ಕೇಲರ್ ಎಂಬ ರಚನಕಾರನ ‘ಚಾರ್ದಾಶ್’ ನೃತ್ಯದ್ದು. ಬ್ರಾಮ್ಸ್ ಅದನ್ನು ಜನಪದ ಧಾಟಿಯೆಂದು ಭಾವಿಸಿದ್ದ. ಅವನು ಈ ನೃತ್ಯಗಳಿಗೆ ಕೃತಿಸಂಖ್ಯೆ ನೀಡದೆ ತಾನು ಕೇವಲ ಅಳವಡಿಸಿದವನೆಂದು ಸೂಚಿಸಿದ್ದನ್ನೂ ನ್ಯಾಯದೃಷ್ಟಿಯಿಂದ ಹೇಳಬೇಕು. ಆದರೂ ಕೇಲರ್‌ನ ಹೆಸರು ಹಿಂದೆ ಸರಿಯಿತು. ‘ಜನಪದ’ ಎಂಬ ಹಣೆಪಟ್ಟಿ ಬಿದ್ದೊಡನೆ ಬದುಕಿರುವ ಕರ್ತೃವೂ ಅಜ್ಞಾತನಾಗಬಲ್ಲ.

೬. ರಷ್ಯಾ ಮತ್ತು ಬೊಹಿಮಿಯಾ

ರಷ್ಯಾದ ಜನಪದ ಧಾಟಿಗಳು ಮೊದಲು ಹೊರಗೆ ಹೋದದ್ದು ಲ್ವೋವ್ ಮತ್ತು ಪ್ರಾಚ್ ಅವರ ೧೭೯೦ರ ಸಂಗ್ರಹದ ಮೂಲಕ. ಬೀಥೋವನ್ ೧೮೦೬ರಲ್ಲಿ ರಷ್ಯಾದ ರಾಯಭಾರಿ ರಜುಮೊವ್ಸ್ಕಿಗಾಗಿ ಬರೆದ ತಂತಿವಾದ್ಯ ಚತುಷ್ಕಗಳಲ್ಲಿ ಈ ಸಂಗ್ರಹದ ಧಾಟಿಗಳನ್ನು ಬಳಸಿದ್ದಾನೆ. ಮಿಲಿ ಬಲಕಿರೆವ್ ೧೮೬೦ರ ಬೇಸಗೆಯಲ್ಲಿ ವೋಲ್ಗಾ ನದಿಯ ಉದ್ದಕ್ಕೂ ಸಂಚರಿಸಿ ಹಾಡುಗಳನ್ನು ಬರೆದುಕೊಂಡು ೧೮೬೬ರಲ್ಲಿ ನಲವತ್ತು ಗೀತೆಗಳನ್ನು ಪ್ರಕಟಿಸಿದ. ಹಳೆಯ ಮಾಪಕಗಳಿಗೆ ಒಗ್ಗುವ ಹಾರ್ಮನಿಯನ್ನು ಹುಡುಕಿದ್ದು ಅವನ ಸಾಧನೆ.

ಚೈಕೋವ್ಸ್ಕಿ (೧೮೪೦-೧೮೯೩) ೧೮೬೯ರಲ್ಲಿ ಉಕ್ರೇನಿನ ಕಾಮೆಂಕಾದಲ್ಲಿ, ಸೋದರಿಯ ಕುಟುಂಬದ ಎಸ್ಟೇಟಿನಲ್ಲಿದ್ದಾಗ ಕೆಲಸಗಾರನೊಬ್ಬ ಹಾಡುತ್ತಿದ್ದ ಧಾಟಿಯನ್ನು ಬರೆದುಕೊಂಡ. ೧೮೭೧ರ ಅವನ ಮೊದಲ ತಂತಿವಾದ್ಯ ಚತುಷ್ಕದ ನಿಧಾನಗತಿಯ ಭಾಗ ಆರಂಭವಾಗುವುದು ಅದೇ ಧಾಟಿಯಿಂದ. ೧೮೭೬ರಲ್ಲಿ ಮಾಸ್ಕೋದಲ್ಲಿ ಅದನ್ನು ಕೇಳುತ್ತ ಪಕ್ಕದಲ್ಲಿ ಕುಳಿತಿದ್ದ ಟಾಲ್‌ಸ್ಟಾಯ್ ಕಣ್ಣೀರು ಸುರಿಸಿದುದನ್ನು ಚೈಕೋವ್ಸ್ಕಿ ತನ್ನ ದಿನಚರಿಯಲ್ಲಿ ಹೆಮ್ಮೆಯಿಂದ ನೆನೆದಿದ್ದಾನೆ. ಅತ್ತವರ ಹೆಸರು ಚರಿತ್ರೆಯಲ್ಲಿದೆ, ಹಾಡಿದವನ ಹೆಸರಿಲ್ಲ.

ಬೊಹಿಮಿಯಾದ ಆಂಟೊನಿನ್ ಡ್ವೊರ್ಜಾಕ್ (೧೮೪೧-೧೯೦೪) ಕಟುಕನ ಮಗ. ಹಳ್ಳಿಯ ಕುಣಿತದ ನಡುವೆಯೇ ಬೆಳೆದವನು. ಅವನ ‘ಸ್ಲಾವೊನಿಕ್ ನೃತ್ಯ’ಗಳು (೧೮೭೮) ಫುರಿಯಾಂತ್ ಮೊದಲಾದ ಕುಣಿತಗಳ ಲಯವನ್ನು ಉಳಿಸಿಕೊಂಡಿವೆ, ಧಾಟಿಗಳು ಬಹುಮಟ್ಟಿಗೆ ಅವನವೇ. ೧೮೯೨ರಿಂದ ೧೮೯೫ರವರೆಗೆ ಅವನು ನ್ಯೂಯಾರ್ಕಿನ ರಾಷ್ಟ್ರೀಯ ಸಂಗೀತ ವಿದ್ಯಾಲಯದ ನಿರ್ದೇಶಕನಾಗಿದ್ದ. ಅಲ್ಲಿ ವಿದ್ಯಾರ್ಥಿಯಾಗಿದ್ದ ಆಫ್ರಿಕನ್ ಅಮೆರಿಕನ್ ಗಾಯಕ ಹ್ಯಾರಿ ಬರ್ಲಿ (೧೮೬೬-೧೯೪೯), ಗುಲಾಮಗಿರಿಯನ್ನು ಅನುಭವಿಸಿದ್ದ ತನ್ನ ಅಜ್ಜನಿಂದ ಕಲಿತ ಸ್ಪಿರಿಚುವಲ್ ಹಾಡುಗಳನ್ನು ಅವನಿಗೆ ಹಾಡಿ ತೋರಿಸಿದ. ಅಮೆರಿಕದ ಸಂಗೀತ ಈ ಹಾಡುಗಳ ಮೇಲೆ ನಿಲ್ಲಬೇಕೆಂದು ಡ್ವೊರ್ಜಾಕ್ ೧೮೯೩ರಲ್ಲಿ ಸಾರ್ವಜನಿಕವಾಗಿ ಹೇಳಿದ್ದು ಅಂದಿನ ಅಮೆರಿಕದಲ್ಲಿ ದಿಟ್ಟ ಮಾತಾಗಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ ಅವನ ‘ಹೊಸ ಜಗತ್ತಿನಿಂದ’ ಸಿಂಫೊನಿ ಕಾರ್ನೆಗಿ ಸಭಾಂಗಣದಲ್ಲಿ ಮೊದಲು ನುಡಿಯಿತು. ಅದರ ಎರಡನೆಯ ಭಾಗದ ಧಾಟಿಗೆ ಡ್ವೊರ್ಜಾಕ್‌ನ ಶಿಷ್ಯ ವಿಲಿಯಂ ಆರ್ಮ್ಸ್ ಫಿಶರ್ ೧೯೨೨ರಲ್ಲಿ ಮಾತುಗಳನ್ನು ಹೊಂದಿಸಿದ. ಮುಂದೆ ಅದನ್ನು ಪ್ರಾಚೀನ ಸ್ಪಿರಿಚುವಲ್ ಎಂದೇ ಹಲವರು ನಂಬಿದರು. ಲಿಂಡನ್ ಮರದ ಹಾಡಿನ ಕಥೆ ಇಲ್ಲಿ ಇನ್ನೊಂದು ಖಂಡದಲ್ಲಿ ಮರುಕಳಿಸಿದೆ.

೭. ಕ್ನುಟ್ ದಾಲೆ: ಉಳಿದ ಹೆಸರು

ಈವರೆಗಿನ ನಿದರ್ಶನಗಳಿಗೆ ಭಿನ್ನವಾದುದು ನಾರ್ವೆಯದು. ಅಲ್ಲಿನ ಹಾರ್ಡಾಂಗರ್ ಪಿಟೀಲಿನಲ್ಲಿ ನುಡಿಸುವ ತಂತಿಗಳ ಕೆಳಗೆ ತಾವಾಗಿಯೇ ಮಿಡಿಯುವ ನಾಲ್ಕೈದು ಅನುರಣನ ತಂತಿಗಳಿರುತ್ತವೆ. ನಮ್ಮ ಸಾರಂಗಿ, ಸಿತಾರುಗಳ ತರಬ್ ತಂತಿಗಳನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಇದರ ಮೇಲೆ ನುಡಿಸುವ ಕುಣಿತದ ಮಟ್ಟುಗಳಿಗೆ ‘ಸ್ಲೋಟರ್’ ಎಂದು ಹೆಸರು.

ಟೆಲಿಮಾರ್ಕ್ ಪ್ರಾಂತದ ಕ್ನುಟ್ ದಾಲೆ (೧೮೩೪-೧೯೨೧), ಮಿಲ್ಲಾರ್‌ಗುಟೆನ್ ಎಂದು ಖ್ಯಾತನಾಗಿದ್ದ ಪಿಟೀಲುವಾದಕನಿಂದ ವಿದ್ಯೆ ಕಲಿತವನು. ತನ್ನೊಡನೆ ಈ ಮಟ್ಟುಗಳೂ ಮಣ್ಣುಗೂಡಬಾರದೆಂಬ ಕಳಕಳಿಯಿಂದ ಅವನು ೧೮೮೮ರಲ್ಲಿ ರಚನಕಾರ ಎಡ್ವರ್ಡ್ ಗ್ರೀಗ್‌ಗೆ (೧೮೪೩-೧೯೦೭) ಪತ್ರ ಬರೆದ. ಕೆಲಸ ಕೈಗೂಡಲು ಹದಿಮೂರು ವರ್ಷ ಹಿಡಿಯಿತು. ೧೯೦೧ರಲ್ಲಿ ಪಿಟೀಲುವಾದಕ ಯೋಹಾನ್ ಹಾಲ್ವರ್ಸನ್ ದಾಲೆಯ ವಾದನವನ್ನು ಕೇಳಿ ಹದಿನೇಳು ಮಟ್ಟುಗಳನ್ನು ಸ್ವರಲಿಪಿಗೆ ಇಳಿಸಿದ. ಮೇಜರ್ ಮಾಪಕದಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರತಿಮಧ್ಯಮವನ್ನು ಹಾಲ್ವರ್ಸನ್ ತಿದ್ದಲಿಲ್ಲ. ಗ್ರೀಗ್ ಅದನ್ನು ಕಂಡು ಸಂಭ್ರಮಿಸಿದ. ಪಿಯಾನೊಗೆ ಅವನು ಮಾಡಿದ ಅಳವಡಿಕೆಗಳು ೧೯೦೩ರಲ್ಲಿ ಪ್ರಕಟವಾದಾಗ ಹಾಲ್ವರ್ಸನ್ನನ ಪಿಟೀಲು ಪಾಠವೂ ಜೊತೆಯಲ್ಲಿಯೇ ಹೊರಬಂದಿತು. ಆಸಕ್ತರು ಎರಡನ್ನೂ ಹೋಲಿಸಿ ನೋಡಬಹುದಾಗಿತ್ತು.

ಇಲ್ಲಿ ಮೂರು ಸಂಗತಿಗಳು ಗಮನಾರ್ಹ. ಮೊದಲನೆಯದಾಗಿ, ದಾಖಲೀಕರಣದ ಪ್ರೇರಣೆ ಬಂದುದು ಜನಪದ ಕಲಾವಿದನಿಂದಲೇ. ಎರಡನೆಯದಾಗಿ, ಮೂಲಪಾಠ ಮತ್ತು ಕಲಾತ್ಮಕ ಅಳವಡಿಕೆ ಎರಡನ್ನೂ ಬೇರೆಬೇರೆಯಾಗಿ ಲಭ್ಯಗೊಳಿಸಲಾಯಿತು. ಮೂರನೆಯದಾಗಿ, ಹಲವು ಮಟ್ಟುಗಳ ಶೀರ್ಷಿಕೆಗಳಲ್ಲಿ ಹಿಂದಿನ ವಾದಕರ ಹೆಸರುಗಳೇ ಉಳಿದವು. ಇಷ್ಟಾಗಿಯೂ ಇದರಿಂದ ಗ್ರೀಗ್‌ನ ಕಲೆಗೆ ಕುಂದೇನೂ ಬರಲಿಲ್ಲ. ಅವನ ಅತ್ಯಂತ ಹೊಸತನದ ಕೃತಿಯೆಂದು ಮುಂದಿನ ಪೀಳಿಗೆ ಕೊಂಡಾಡಿದ್ದು ಇದನ್ನೇ.

೮. ಫೋನೋಗ್ರಾಫ್ ಮತ್ತು ಯುಗಾಂತ್ಯ

ಎಡಿಸನ್ ೧೮೭೭ರಲ್ಲಿ ಕಂಡುಹಿಡಿದ ಫೋನೋಗ್ರಾಫ್ ಶತಮಾನದ ಕೊನೆಯಲ್ಲಿ ಕ್ಷೇತ್ರಕಾರ್ಯದ ಸಾಧನವಾಯಿತು. ಹಂಗೇರಿಯಲ್ಲಿ ಬೇಲಾ ವಿಕಾರ್ ೧೮೯೦ರ ದಶಕದಲ್ಲಿಯೇ ಮೇಣದ ಉರುಳೆಗಳ ಮೇಲೆ ಹಾಡುಗಳನ್ನು ಮುದ್ರಿಸತೊಡಗಿದ. ರಷ್ಯಾದಲ್ಲಿ ಯೆವ್ಗೇನಿಯಾ ಲಿನ್ಯೋವಾ ೧೮೯೭ರಿಂದ ರೈತರ ಗುಂಪುಗಾಯನವನ್ನು ಧ್ವನಿಮುದ್ರಿಸಿದಳು. ಹಿಂದಿನ ಸಂಗ್ರಾಹಕರಲ್ಲಿ ಬಹುತೇಕರು ಒಬ್ಬ ಹಾಡುಗಾರನನ್ನು ಎದುರಿಗೆ ಕೂರಿಸಿಕೊಂಡು ಒಂದೇ ಎಳೆಯ ಧಾಟಿಯನ್ನು ಬರೆದುಕೊಂಡಿದ್ದರು. ಗುಂಪಿನಲ್ಲಿ ಪ್ರತಿಯೊಬ್ಬರೂ ಆ ಧಾಟಿಯನ್ನು ತಮ್ಮದೇ ರೀತಿಯಲ್ಲಿ ಕವಲೊಡೆಸಿ ಹಾಡುವ ಕ್ರಮವನ್ನು ಯಂತ್ರ ಹಿಡಿದುಕೊಟ್ಟಿತು.

ಬೇಲಾ ಬಾರ್ಟೋಕ್ (೧೮೮೧-೧೯೪೫) ೧೯೦೪ರ ಬೇಸಗೆಯಲ್ಲಿ ಟ್ರಾನ್ಸಿಲ್ವೇನಿಯಾದಿಂದ ಬಂದಿದ್ದ ಮನೆಗೆಲಸದ ಯುವತಿ ಲಿದಿ ದೋಶಾ ಹಾಡಿಕೊಳ್ಳುತ್ತಿದ್ದುದನ್ನು ಆಕಸ್ಮಿಕವಾಗಿ ಕೇಳಿದ. ತಾನು ಅದುವರೆಗೆ ಹಂಗೇರಿಯ ಸಂಗೀತವೆಂದು ತಿಳಿದಿದ್ದುದಕ್ಕೂ ಈ ಹಾಡುಗಳಿಗೂ ಅಂತರವಿದೆಯೆಂಬುದು ಅವನ ಅರಿವಿಗೆ ಬಂದಿತು. ಮುಂದೆ ಜೋಲ್ತಾನ್ ಕೊಡಾಯ್ (೧೮೮೨-೧೯೬೭) ಜೊತೆಗೂಡಿ ಫೋನೋಗ್ರಾಫ್ ಹೊತ್ತು ಹಳ್ಳಿಗಳನ್ನು ಸುತ್ತಿದ. ಕೊಡಾಯ್ ೧೯೦೬ರಲ್ಲಿ ಹಂಗೇರಿಯ ಜನಪದ ಗೀತೆಯ ನುಡಿಬಂಧವನ್ನು ಕುರಿತು ಡಾಕ್ಟರೇಟ್ ಪ್ರಬಂಧ ಬರೆದ. ಐದು ಸ್ವರಗಳ ಮಾಪಕದ, ತಾಳದ ಕಟ್ಟಿಲ್ಲದೆ ಮಾತಿನ ಲಯದಲ್ಲಿ ಸಾಗುವ ಹಳೆಯ ಶೈಲಿಯ ಹಾಡುಗಳು ಹೀಗೆ ಬೆಳಕಿಗೆ ಬಂದವು. ಹಾಡಿದವರು, ಊರು, ದಿನ ಇವುಗಳನ್ನು ಹಾಡಿನೊಡನೆಯೇ ದಾಖಲಿಸುವುದು ಅವರ ಕ್ರಮವಾಗಿತ್ತು. ರೊಮ್ಯಾಂಟಿಕ್ ಯುಗ ಕಲ್ಪಿಸಿಕೊಂಡಿದ್ದ ‘ಜನ’ ಇಲ್ಲಿ ಹೆಸರುಳ್ಳ ವ್ಯಕ್ತಿಗಳಾದರು. ಆ ಅರ್ಥದಲ್ಲಿ ಯುಗವೂ ಮುಗಿಯಿತು.

೯. ಕರ್ನಾಟಕದ ಸಂಬಂಧ

ಈ ಯುಗದ ಎರಡು ಎಳೆಗಳು ಕರ್ನಾಟಕವನ್ನು ಮುಟ್ಟಿವೆ. ಮೊದಲನೆಯದು ಪರಿಕಲ್ಪನೆಯ ಎಳೆ. ಸಿಲ್ಷರ್ ಸಂಗೀತ ನಿರ್ದೇಶಕನಾಗಿದ್ದ ಟ್ಯೂಬಿಂಗೆನ್ನಿನಲ್ಲಿಯೇ ಹರ್ಮನ್ ಮೋಗ್ಲಿಂಗ್ (೧೮೧೧-೧೮೮೧) ವಿದ್ಯಾಭ್ಯಾಸ ಮಾಡಿದ್ದು. ೧೮೩೬ರಲ್ಲಿ ಮಂಗಳೂರಿಗೆ ಬಂದ ಆತ ೧೮೫೦ರಲ್ಲಿ ದಾಸರ ಪದಗಳನ್ನು ಅಚ್ಚುಮಾಡಿಸಿದರು. ಚಾರ್ಲ್ಸ್ ಗೋವರ್ ೧೮೭೧ರಲ್ಲಿ ದಕ್ಷಿಣ ಭಾರತದ ಜನಪದ ಗೀತೆಗಳ ಇಂಗ್ಲಿಷ್ ಗ್ರಂಥವನ್ನು ಮದ್ರಾಸಿನಲ್ಲಿ ಪ್ರಕಟಿಸಿದಾಗ ಅದರ ಕನ್ನಡ ವಿಭಾಗದಲ್ಲಿ ಪ್ರಧಾನವಾಗಿದ್ದುದು ಪುರಂದರದಾಸರೇ ಮೊದಲಾದ ಹರಿದಾಸರ ಪದಗಳು. ಅಂಕಿತವಿರುವ ಕೃತಿಗಳೂ ‘ಜನಪದ ಗೀತೆ’ ಎಂಬ ತಲೆಬರಹದಡಿ ಬಂದವು. ಬ್ರಾಮ್ಸ್ ಕೇಲರ್‌ನ ಧಾಟಿಯನ್ನು ಜನಪದವೆಂದು ಭಾವಿಸಿದ್ದಕ್ಕೆ ಎರಡೇ ವರ್ಷಗಳ ನಂತರ, ಅದೇ ಬಗೆಯ ಗುರುತಿನ ತೊಡಕು ನಮ್ಮ ನೆಲದ ಹಾಡುಗಳಿಗೂ ಒದಗಿತು.

ಎರಡನೆಯದು ಸಂಗೀತದ ಎಳೆ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ (೧೯೧೯-೧೯೭೪) ಕರ್ನಾಟಕ ಸಂಗೀತದ ವಾಗ್ಗೇಯಕಾರರೂ ಪಾಶ್ಚಾತ್ಯ ಸಂಗೀತದ ಮರ್ಮಜ್ಞರೂ ಆಗಿದ್ದರು. ರೊಮ್ಯಾಂಟಿಕ್ ಪರಂಪರೆಯ ಕೊನೆಯ ಪ್ರತಿನಿಧಿಗಳಲ್ಲಿ ಒಬ್ಬನಾದ ರಷ್ಯಾದ ನಿಕೊಲಾಯ್ ಮೆಟ್ನರ್ (೧೮೮೦-೧೯೫೧) ಲಂಡನ್ನಿನಲ್ಲಿ ಅವಗಣನೆಗೆ ಒಳಗಾಗಿದ್ದಾಗ ಅವರು ೧೯೪೦ರ ದಶಕದ ಉತ್ತರಾರ್ಧದಲ್ಲಿ ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ ಅವನ ಕೃತಿಗಳ ಧ್ವನಿಮುದ್ರಣಕ್ಕೆ ಧನಸಹಾಯ ನೀಡಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ್ದಾನೆ. ರಿಚರ್ಡ್ ಸ್ಟ್ರಾಸ್‌ನ ‘ನಾಲ್ಕು ಕೊನೆಯ ಗೀತೆಗಳು’ ೧೯೫೦ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ಮೊದಲ ಬಾರಿಗೆ ಪ್ರಸ್ತುತವಾದುದೂ ಅವರ ಆರ್ಥಿಕ ಬೆಂಬಲದಿಂದ. ಶೂಬರ್ಟ್‌ನಿಂದ ಮೊದಲಾದ ಲೀಡ್ ಪರಂಪರೆಯ ಅಂತಿಮ ಘಟ್ಟವೆಂದು ಪರಿಗಣಿತವಾದ ಕೃತಿ ಮೊದಲು ಕೇಳಿಬಂದುದರ ಹಿಂದೆ ಮೈಸೂರಿನ ನೆರವಿತ್ತೆಂಬುದು ಸ್ಮರಣೀಯ.

ಸಮಾರೋಪ

ರೊಮ್ಯಾಂಟಿಕ್ ಯುಗದ ಸಂಗೀತವನ್ನು ಕೇಳತೊಡಗುವವರು ಶೂಬರ್ಟ್‌ನ ಲೀಡ್, ಶೋಪಾನ್‌ನ ಮಜುರ್ಕ, ಡ್ವೊರ್ಜಾಕ್‌ನ ಒಂಬತ್ತನೆಯ ಸಿಂಫೊನಿ, ಗ್ರೀಗ್‌ನ ಸ್ಲೋಟರ್ ಇವುಗಳಿಂದ ಆರಂಭಿಸಬಹುದು. ಇವು ಆನಂದ ನೀಡುವ ಕೃತಿಗಳೆಂಬುದರಲ್ಲಿ ಸಂಶಯವಿಲ್ಲ. ಜನಪದ ಮೂಲವನ್ನು ಬದಲಿಸಿದರೆಂಬ ಕಾರಣಕ್ಕೆ ಈ ರಚನಕಾರರನ್ನು ದೂಷಿಸುವುದೂ ಸರಿಯಲ್ಲ. ಬದಲಾಗುವುದು ಹಾಡಿನ ಸ್ವಭಾವ, ಲಿಂಡನ್ ಮರದ ಹಾಡನ್ನು ಜನರೂ ಬದಲಿಸಿಕೊಂಡರು. ಆಕ್ಷೇಪ ಇರಬೇಕಾದುದು ಬದಲಾವಣೆಯ ಬಗೆಗಲ್ಲ, ಬದಲಾವಣೆಯ ಹಾದಿ ಅಳಿಸಿಹೋಗುವುದರ ಬಗೆಗೆ. ಯಾರು ಹಾಡಿದರು, ಯಾರು ಬರೆದುಕೊಂಡರು, ಬರೆಯುವಾಗ ಏನು ಬಿಟ್ಟರು, ಅಚ್ಚಿನಲ್ಲಿ ಯಾರ ಹೆಸರು ಉಳಿಯಿತು ಎಂಬ ಪ್ರಶ್ನೆಗಳನ್ನು ಯಾವ ಹಾಡಿನ ಮುಂದೆಯೂ ಇಡಬಹುದು.

ಈ ಪ್ರಶ್ನೆಗಳು ದೂರದ ಯುರೋಪಿಗೆ ಮಾತ್ರ ಸೀಮಿತವಲ್ಲ. ನಾನು ಹಿಂದೊಮ್ಮೆ ಪರಿಶೀಲಿಸಿದ ಧ್ವನಿಸುರುಳಿಗಳ ಸಂಗ್ರಹವೊಂದರಲ್ಲಿ ಪೆಟ್ಟಿಗೆಗಳ ಮೇಲೆ ಸಂಗ್ರಾಹಕರ ಹೆಸರು, ಊರು, ಹಾಡಿನ ಪ್ರಕಾರ ಇವೆಲ್ಲ ಅಚ್ಚುಕಟ್ಟಾಗಿ ಇದ್ದವು. ಹಾಡಿದವರ ಜಾಗದಲ್ಲಿ ‘ಹೆಂಗಸರು’ ಎಂದಷ್ಟೇ ಬರೆದಿತ್ತು. ಸುರುಳಿಯನ್ನು ಹಾಕಿ ಕೇಳಿದಾಗ, ಹಾಡು ಮುಗಿದ ಮೇಲೆ ಒಬ್ಬಾಕೆ ತನ್ನ ಹೆಸರನ್ನೂ ತಾಯಿಯ ಹೆಸರನ್ನೂ ಹೇಳುವುದು ಕೇಳಿಸಿತು. ಯಾರೂ ಅದನ್ನು ಪಟ್ಟಿಗೆ ಏರಿಸಿರಲಿಲ್ಲ. ಗ್ರಂಥಾಲಯಗಳೂ ಸಂಶೋಧಕರೂ ತಮ್ಮಲ್ಲಿರುವ ಇಂಥ ಸುರುಳಿಗಳು ಹಾಳಾಗುವ ಮುನ್ನ ಮತ್ತೊಮ್ಮೆ ಕೇಳಿ, ಸೂಚಿಯಲ್ಲಿ ವಕ್ತೃಗಳ ಹೆಸರಿಗೊಂದು ಸ್ಥಾನ ಕಲ್ಪಿಸುವುದು ಅಗತ್ಯ. ಕ್ನುಟ್ ದಾಲೆ ಪತ್ರ ಬರೆದ, ಆದುದರಿಂದ ಅವನ ಹೆಸರು ಉಳಿಯಿತು. ಪತ್ರ ಬರೆಯಲಾರದವರು ಸುರುಳಿಯ ಕೊನೆಯಲ್ಲಿ ತಮ್ಮ ಹೆಸರು ಹೇಳಿ ಹೋಗಿದ್ದಾರೆ. ಅದನ್ನು ಬರೆದಿಡುವ ಕೆಲಸ ನಮ್ಮದು.